ಪರದೆಯ ಮೇಲಿನ ಮೊದಲ ಅಂಕಿ: ಸಂಪತ್ತು ನಿರ್ವಹಣಾ ಸಂಸ್ಥೆಯ ಒಳಗೆ ನಡೆಯುವುದೇನು?

ಹುಬ್ಬಳ್ಳಿಯಲ್ಲಿ ನೆಲೆಸಿರುವ ಒಬ್ಬ ನಿವೃತ್ತ ಶಿಕ್ಷಕರನ್ನೂ ಅವರ ಪತ್ನಿಯನ್ನೂ ಕಲ್ಪಿಸಿಕೊಳ್ಳೋಣ. ಊರಿನ ಹೊಲದಲ್ಲಿ ತಮ್ಮ ಪಾಲಿಗೆ ಬಂದ ಭಾಗವನ್ನು ಮಾರಿ, ಅದರಿಂದ ಬಂದ 1 ಕೋಟಿ ರೂಪಾಯಿಯನ್ನು ಅವರು ಉಳಿತಾಯ ಖಾತೆಗೆ ಜಮೆ ಮಾಡಿದ್ದಾರೆ. ಎರಡು ದಿನ ಕಳೆಯುವುದರೊಳಗೆ ಒಂದು ಕರೆ ಬರುತ್ತದೆ: ‘ಸರ್, ನಾನು ನಿಮ್ಮ ರಿಲೇಶನ್‌ಶಿಪ್ ಮ್ಯಾನೇಜರ್. ನಾಳೆ ಮನೆಗೆ ಬಂದು ಮಾತಾಡಬಹುದೇ?’ ಅದೇ ಖಾತೆಗೆ ವರ್ಷಗಟ್ಟಲೆ ಪಿಂಚಣಿ ಬೀಳುತ್ತಿದ್ದಾಗ ಯಾರೂ ಕರೆ ಮಾಡಿರಲಿಲ್ಲ.

ಈ ಕರೆ ಆಕಸ್ಮಿಕವಾಗಿ ಬಂದದ್ದಲ್ಲ. ಖಾತೆಯಲ್ಲಿರುವ ಮೊತ್ತ ಒಂದು ಮಿತಿಯನ್ನು ದಾಟಿದೊಡನೆ ತಂತ್ರಾಂಶ ಆ ಹೆಸರನ್ನು ಎತ್ತಿ, ಯಾರೋ ಒಬ್ಬ ನೌಕರನ ಅಂದಿನ ಕರೆಗಳ ಪಟ್ಟಿಯಲ್ಲಿ ಮೇಲಕ್ಕೆ ತಂದಿಡುತ್ತದೆ. ಅದೇ ತಂತ್ರಾಂಶಕ್ಕೆ ಬೇರೇನನ್ನಾದರೂ ಹುಡುಕಲು ಹೇಳಬಹುದಿತ್ತು: ನಾಮಿನಿಯ ಹೆಸರಿಲ್ಲದ ಖಾತೆಗಳು, ಗಂಡನೊಬ್ಬನೇ ಸಹಿ ಮಾಡುವ ಹೂಡಿಕೆಗಳು, ಅವಧಿ ಮುಗಿದರೂ ಯಾರೂ ಕೇಳದ ಠೇವಣಿಗಳು. ಏನನ್ನು ಹುಡುಕಬೇಕೆಂದು ತೀರ್ಮಾನಿಸಿದವರು ಮನುಷ್ಯರು, ಮತ್ತು ಆ ತೀರ್ಮಾನದಲ್ಲಿ ಸಂಸ್ಥೆಯ ಸ್ವಭಾವ ಅಡಗಿದೆ. ಗ್ರಾಹಕರ ಹೂಡಿಕೆಗಳನ್ನು ನೋಡಿಕೊಳ್ಳುವ ಸಂಪತ್ತು ನಿರ್ವಹಣಾ ಸಂಸ್ಥೆಯೊಂದರ ಕೆಲಸದ ಸಂಸ್ಕೃತಿಯನ್ನು ಅರಿಯಬೇಕಾದರೆ, ಬೆಳಿಗ್ಗೆ ಅಲ್ಲಿನ ನೌಕರ ಲಾಗಿನ್ ಆದಾಗ ಪರದೆಯ ಮೇಲೆ ಮೊದಲು ಕಾಣುವ ಅಂಕಿ ಯಾವುದೆಂದು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಅಂಕಿ ಎಲ್ಲಿಂದ ಬರುತ್ತದೆ, ಅದು ನೌಕರನ ದಿನವನ್ನೂ ಗ್ರಾಹಕನ ಹಣವನ್ನೂ ಹೇಗೆ ತಿರುಗಿಸುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ಹಣ ಎಲ್ಲಿಂದ ಬರುತ್ತದೆ

ಬ್ಯಾಂಕಿನ ಒಂದು ವಿಭಾಗವಾಗಿರಲಿ, ಸ್ವತಂತ್ರ ಸಂಸ್ಥೆಯಾಗಿರಲಿ, ಗ್ರಾಹಕರಿಗೆ ಕಾಣುವ ಮುಖ ರಿಲೇಶನ್‌ಶಿಪ್ ಮ್ಯಾನೇಜರ್‌ನದು. ಆ ವಲಯದಲ್ಲಿ ಎಲ್ಲರೂ ‘ಆರ್‌ಎಂ’ ಎಂದೇ ಕರೆಯುತ್ತಾರೆ. ಅವನ ಬೆನ್ನ ಹಿಂದೆ, ಯಾವ ಯೋಜನೆಗಳನ್ನು ಗ್ರಾಹಕರ ಮುಂದಿಡಬಹುದೆಂದು ಆರಿಸುವ ತಂಡವಿರುತ್ತದೆ. ಅರ್ಜಿ, ಪಾವತಿ ಮತ್ತು ದಾಖಲೆಗಳನ್ನು ನೋಡಿಕೊಳ್ಳುವ ಆಪರೇಷನ್ಸ್ ವಿಭಾಗವಿರುತ್ತದೆ. ನಿಯಮಗಳ ಪಾಲನೆಯನ್ನು ಕಾಯುವ ಕಂಪ್ಲಯನ್ಸ್ ವಿಭಾಗವಿರುತ್ತದೆ. ಸಂಬಳದಲ್ಲಿಯೂ ಮನ್ನಣೆಯಲ್ಲಿಯೂ ಆರ್‌ಎಂ ಮುಂದಿರುತ್ತಾನೆ, ಏಕೆಂದರೆ ಆದಾಯ ಅವನ ಹೆಸರಿನಲ್ಲಿ ದಾಖಲಾಗುತ್ತದೆ. ತಪ್ಪು ನಡೆಯದಂತೆ ತಡೆದವನ ಹೆಸರಿನಲ್ಲಿ ಯಾವ ಆದಾಯವೂ ದಾಖಲಾಗುವುದಿಲ್ಲ.

ಶಿಕ್ಷಕರ 1 ಕೋಟಿ ರೂಪಾಯಿಯನ್ನೇ ತೆಗೆದುಕೊಳ್ಳೋಣ. ಅದು ಮ್ಯೂಚುವಲ್ ಫಂಡ್‌ಗಳ ರೆಗ್ಯುಲರ್ ಪ್ಲಾನ್‌ಗೆ (ವಿತರಕರ ಮೂಲಕ ಕೊಳ್ಳುವ ಬಗೆಗೆ) ಹೋಗಿ, ಅದರಲ್ಲಿ ವಿತರಕನಿಗೆ, ಅಂದರೆ ಮಾರಿದ ಸಂಸ್ಥೆಗೆ, ವರ್ಷಕ್ಕೆ ಶೇ 0.8ರಷ್ಟು ಕಮಿಷನ್ ಇದೆ ಎಂದಿಟ್ಟುಕೊಂಡರೆ, ಸಂಸ್ಥೆಗೆ ವರ್ಷಕ್ಕೆ 80,000 ರೂಪಾಯಿ ಬರುತ್ತದೆ. ಹಣ ಅಲ್ಲಿರುವಷ್ಟು ಕಾಲ ಬರುತ್ತಲೇ ಇರುತ್ತದೆ. ಇದನ್ನೇ ಟ್ರೇಲ್ ಕಮಿಷನ್ ಎನ್ನುತ್ತಾರೆ. ಅದೇ ಹಣ ದೀರ್ಘಾವಧಿಯ ವಿಮಾ ಯೋಜನೆಯೊಂದಕ್ಕೆ ಹೋದರೆ ಮೊದಲ ವರ್ಷದ ಕಂತಿನಲ್ಲೇ ಮಾರಿದವರಿಗೆ ದೊಡ್ಡ ಪಾಲು ಸಿಗಬಹುದು. ಇನ್ನು, ‘ಸರ್, ಇದರಲ್ಲಿ 40 ಲಕ್ಷ ಕೊಟ್ಟು ಮಗನ ಗೃಹಸಾಲ ತೀರಿಸಿಬಿಡಿ, ಉಳಿದದ್ದರಲ್ಲಿ ಅರ್ಧವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಿ’ ಎಂದು ಆರ್‌ಎಂ ಹೇಳಿದನೆಂದಿಟ್ಟುಕೊಳ್ಳಿ. ಆ ಕುಟುಂಬಕ್ಕೆ ಬಹುಶಃ ಅದೇ ಅತ್ಯುತ್ತಮ ಸಲಹೆ. ಆದರೆ ಅವನ ಪರದೆಯಲ್ಲಿ ಅದು ಬಹುಪಾಲು ಸೊನ್ನೆಯಾಗಿ ಕಾಣುತ್ತದೆ. ಒಳ್ಳೆಯ ಸಲಹೆ ಕೊಟ್ಟ ದಿನ ನೌಕರನ ಅಂಕಿ ಕೆಳಗಿಳಿಯುವಂತಿದ್ದರೆ, ತಿಂಗಳ ಕೊನೆಯ ವಾರದಲ್ಲಿ ಅವನು ಏನು ಮಾಡಬೇಕು? ಈ ವೃತ್ತಿಯ ಎಲ್ಲ ನೈತಿಕ ಪ್ರಶ್ನೆಗಳೂ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಭಾರತೀಯ ಷೇರು ಮಾರುಕಟ್ಟೆಯ ನಿಯಂತ್ರಕನಾದ ಸೆಬಿ ಕಳೆದ ಒಂದೂವರೆ ದಶಕದಲ್ಲಿ ಇದಕ್ಕೆ ಉತ್ತರ ಹುಡುಕುತ್ತ ಬಂದಿದೆ. 2009ರ ಆಗಸ್ಟ್ 1ಕ್ಕೆ ಮೊದಲು, ಹೂಡಿದ ಹಣದಲ್ಲಿ ಶೇ 2.25ರವರೆಗೆ ಪ್ರವೇಶ ಶುಲ್ಕವನ್ನು ಮುರಿದುಕೊಂಡು ವಿತರಕರಿಗೆ ಕೊಡುವ ಪದ್ಧತಿಯಿತ್ತು. ಪ್ರತಿ ಹೊಸ ಹೂಡಿಕೆಗೂ ಹೊಸ ಕಮಿಷನ್ ಸಿಗುತ್ತಿದ್ದುದರಿಂದ, ಗ್ರಾಹಕನ ಹಣವನ್ನು ಒಂದು ಯೋಜನೆಯಿಂದ ಮತ್ತೊಂದಕ್ಕೆ ತಿರುಗಿಸುತ್ತಲೇ ಇರುವುದು ಲಾಭದಾಯಕವಾಗಿತ್ತು. ಅಂದು ಆ ಶುಲ್ಕ ನಿಂತಿತು. 2013ರ ಜನವರಿಯಲ್ಲಿ, ವಿತರಕರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ಗಳು ಬಂದವು. 2018ರ ಅಕ್ಟೋಬರ್‌ನಲ್ಲಿ ಮ್ಯೂಚುವಲ್ ಫಂಡ್‌ಗಳಲ್ಲಿ ಮುಂಗಡ ಕಮಿಷನ್ ಕೊಡುವುದನ್ನು ನಿಲ್ಲಿಸಿ, ಟ್ರೇಲ್ ಪದ್ಧತಿಯನ್ನೇ ನಿಯಮವಾಗಿಸಲಾಯಿತು. ಕನಿಷ್ಠ 50 ಲಕ್ಷ ರೂಪಾಯಿ ಹೂಡಬೇಕಾದ ಪಿಎಂಎಸ್‌ಗೆ (ಒಬ್ಬೊಬ್ಬ ಗ್ರಾಹಕನ ಹೂಡಿಕೆಯನ್ನೂ ಪ್ರತ್ಯೇಕವಾಗಿ ನಿರ್ವಹಿಸುವ ಸೇವೆಗೆ) 2020ರಲ್ಲಿ, 1 ಕೋಟಿ ರೂಪಾಯಿಯಿಂದ ಆರಂಭವಾಗುವ ಪರ್ಯಾಯ ಹೂಡಿಕೆ ನಿಧಿಗಳಿಗೆ 2023ರಲ್ಲಿ ಇದೇ ದಿಕ್ಕಿನ ನಿರ್ಬಂಧಗಳು ಬಂದವು. ನಿಯಮ ಬದಲಾದಂತೆಲ್ಲ ಕಚೇರಿಯ ಮಾತೂ ಬದಲಾಯಿತು: ‘ಈ ತಿಂಗಳು ಎಷ್ಟು ಮಾರಿದೆ?’ ಎಂಬ ಪ್ರಶ್ನೆಯ ಜೊತೆಗೆ ‘ಎಷ್ಟು ಗ್ರಾಹಕರು ಉಳಿದಿದ್ದಾರೆ?’ ಎಂಬ ಪ್ರಶ್ನೆಯೂ ಸೇರಿತು. ಆದರೆ ವಿಮೆಯ ನಿಯಂತ್ರಕ ಬೇರೆ, ನಿಯಮಗಳೂ ಬೇರೆ. ಹೀಗಾಗಿ ಒಂದು ಕಡೆ ಕಟ್ಟೆ ಎತ್ತರಿಸಿದಾಗ ನೀರು ತಗ್ಗಿದ್ದ ಕಡೆಗೆ ಹರಿಯಿತು.

ಇನ್ನೊಂದು ಮಾರ್ಗವೂ ಇದೆ. 2013ರ ಹೂಡಿಕೆ ಸಲಹೆಗಾರರ ನಿಯಮಾವಳಿಯಡಿ ನೋಂದಾಯಿಸಿಕೊಂಡವರು ಗ್ರಾಹಕರಿಂದಲೇ ಶುಲ್ಕ ಪಡೆಯುತ್ತಾರೆ. 2020ರ ತಿದ್ದುಪಡಿಯ ನಂತರ ಒಂದೇ ಕುಟುಂಬಕ್ಕೆ ಶುಲ್ಕದ ಸಲಹೆಯನ್ನೂ ಕೊಟ್ಟು ಕಮಿಷನ್ ಬರುವ ಯೋಜನೆಯನ್ನೂ ಮಾರುವಂತಿಲ್ಲ. ಇಂತಹ ಸಂಸ್ಥೆಯಲ್ಲಿ ‘ಗೃಹಸಾಲ ತೀರಿಸಿ’ ಎನ್ನುವ ಸಲಹೆಗೆ ದಂಡ ತೆರಬೇಕಾಗಿಲ್ಲ. ಆದರೂ ದೇಶದಲ್ಲಿ ಲಕ್ಷವನ್ನು ಮೀರಿರುವ ಮ್ಯೂಚುವಲ್ ಫಂಡ್ ವಿತರಕರ ಮುಂದೆ ಇವರ ಸಂಖ್ಯೆ ತೀರಾ ಚಿಕ್ಕದು. ಕಮಿಷನ್ ಕಣ್ಣಿಗೆ ಕಾಣದಂತೆ ಕಡಿತವಾಗುತ್ತದೆ, ಶುಲ್ಕಕ್ಕಾದರೆ ಕೈಯಾರೆ ಹಣ ಎಣಿಸಿ ಕೊಡಬೇಕು. ಕಾಣುವ ಹತ್ತು ಸಾವಿರ ರೂಪಾಯಿ ಕಾಣದ ಎಂಬತ್ತು ಸಾವಿರಕ್ಕಿಂತ ಭಾರವೆನಿಸುವುದು ಸಹಜ.

ಎಣಿಸುವ ಯಂತ್ರ

ತಂತ್ರಜ್ಞಾನ ಈ ಕಚೇರಿಗಳಲ್ಲಿ ನಿಜಕ್ಕೂ ನೆಮ್ಮದಿ ತಂದ ಜಾಗವೊಂದಿದೆ, ಅದು ಆಪರೇಷನ್ಸ್ ವಿಭಾಗ. ಷೇರು ಆಧಾರಿತ ಫಂಡ್‌ಗೆ ಅಂದಿನ ದರವೇ ಸಿಗಬೇಕಾದರೆ ಮಧ್ಯಾಹ್ನ 3 ಗಂಟೆಯೊಳಗೆ ವಹಿವಾಟು ಸಲ್ಲಿಕೆಯಾಗಬೇಕು. ಕಾಗದದ ಕಾಲದಲ್ಲಿ ಇದರರ್ಥ, ಅರ್ಜಿ ಮತ್ತು ಚೆಕ್ಕುಗಳ ಕಟ್ಟು ಹಿಡಿದು, ಫಂಡ್‌ಗಳ ಪರವಾಗಿ ಅರ್ಜಿ ಸ್ವೀಕರಿಸುವ ಕ್ಯಾಮ್ಸ್ ಅಥವಾ ಕಾರ್ವಿಯ ಕೌಂಟರಿಗೆ ಓಡಿ, ಸಮಯದ ಮುದ್ರೆ ಹಾಕಿಸಿಕೊಳ್ಳುವುದು. ಸಹಿ ಹೊಂದದಿದ್ದರೆ ಮತ್ತೆ ಗ್ರಾಹಕರ ಮನೆಗೆ ಹೋಗುವುದು. ಇಂದು ಗ್ರಾಹಕರ ಫೋನಿಗೆ ಬರುವ ಒಂದು ಓಟಿಪಿಯಿಂದ ಈ ಕೆಲಸ ಮುಗಿಯುತ್ತದೆ. ಎಲ್ಲ ಫಂಡ್‌ಗಳ ಹೂಡಿಕೆಯನ್ನು ಒಂದೇ ಕಡೆ ತೋರಿಸುವ ಏಕೀಕೃತ ಖಾತೆ ವಿವರವಿದೆ. ವಿವಿಧ ಬ್ಯಾಂಕು, ಫಂಡುಗಳಲ್ಲಿರುವ ಮಾಹಿತಿಯನ್ನು ಗ್ರಾಹಕನ ಒಪ್ಪಿಗೆಯ ಮೇರೆಗೆ ಮಾತ್ರ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ, ರಿಸರ್ವ್ ಬ್ಯಾಂಕಿನ 2016ರ ನಿರ್ದೇಶನದ ಫಲವಾಗಿ, 2021ರ ಸೆಪ್ಟೆಂಬರ್‌ನಲ್ಲಿ ಚಾಲನೆಗೆ ಬಂದಿದೆ. ಆ ಮಾಹಿತಿಯನ್ನು ಸಾಗಿಸುವ ಸಂಸ್ಥೆ ಅದನ್ನು ತೆರೆದು ಓದುವಂತಿಲ್ಲ ಎಂಬುದು ಈ ವಿನ್ಯಾಸದ ಅತ್ಯಂತ ವಿವೇಕದ ಭಾಗ.

ಮಾರಾಟದ ವಿಭಾಗಕ್ಕೆ ಬಂದರೆ ಚಿತ್ರ ಅಷ್ಟು ಸರಳವಲ್ಲ. ಆರ್‌ಎಂನ ಡ್ಯಾಶ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ತಿಂಗಳ ಗುರಿ ಮತ್ತು ಅದರಲ್ಲಿ ಈವರೆಗೆ ಸಾಧಿಸಿದ ಪ್ರಮಾಣ. ಅದರ ಪಕ್ಕದಲ್ಲಿ ಸಹೋದ್ಯೋಗಿಗಳ ಸ್ಥಾನಪಟ್ಟಿ ಇರುತ್ತದೆ. ಮೊದಲು ಈ ಲೆಕ್ಕ ತಿಂಗಳಿಗೊಮ್ಮೆ ಸಭೆಯಲ್ಲಿ ಬರುತ್ತಿತ್ತು. ಈಗ ಗಂಟೆಗೊಮ್ಮೆ ತಾನಾಗಿ ಬದಲಾಗುತ್ತದೆ. ಎಣಿಕೆ ಹೀಗೆ ಬಿಗಿಯಾದಾಗ ಏನಾಗಬಹುದೆಂಬುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಪ್ರಕರಣ ದೊಡ್ಡ ಉದಾಹರಣೆ. ಅದು ಸಂಪತ್ತು ನಿರ್ವಹಣೆಯದ್ದಲ್ಲ, ಸಾಮಾನ್ಯ ಶಾಖೆಗಳದ್ದು. ಆದರೆ ಪಾಠ ಎರಡಕ್ಕೂ ಒಂದೇ. ಪ್ರತಿ ಗ್ರಾಹಕನಿಗೆ ಬ್ಯಾಂಕಿನ ಎಂಟು ಉತ್ಪನ್ನಗಳನ್ನು ಮಾರಬೇಕೆಂಬ ಗುರಿಯಡಿ ನಲುಗಿದ ನೌಕರರು, ಗ್ರಾಹಕರಿಗೆ ಗೊತ್ತಿಲ್ಲದೆ ಅವರ ಹೆಸರಿನಲ್ಲಿ ಲಕ್ಷಾಂತರ ಖಾತೆಗಳನ್ನು ತೆರೆದಿದ್ದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. 2020ರಲ್ಲಿ ಬ್ಯಾಂಕು 300 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಅಷ್ಟು ಮಂದಿ ಹುಟ್ಟುತ್ತಲೇ ವಂಚಕರಾಗಿದ್ದರೆಂದು ಯಾರೂ ನಂಬಲಾರರು. ಪ್ರತಿದಿನವೂ ಅವರನ್ನು ಒಂದು ಅಂಕಿ ಅಳೆಯುತ್ತಿತ್ತು, ಗ್ರಾಹಕರ ಒಪ್ಪಿಗೆಯನ್ನು ಅಷ್ಟೇ ಗಮನವಿಟ್ಟು ಅಳೆಯುವ ಅಂಕಿ ಇರಲಿಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರದ ಒಂದು ಜಾಗವೆಂದರೆ ರಿಸ್ಕ್ ಪ್ರೊಫೈಲ್ ಎಂಬ ಪ್ರಶ್ನಾವಳಿ. ಹೂಡಿಕೆಯ ಮೊತ್ತ ಶೇ 20ರಷ್ಟು ಕುಸಿದರೆ ಏನು ಮಾಡುವಿರಿ, ಈ ಹಣ ನಿಮಗೆ ಎಷ್ಟು ವರ್ಷಗಳ ನಂತರ ಬೇಕು ಎಂಬಂತಹ ಪ್ರಶ್ನೆಗಳಿಗೆ ಗ್ರಾಹಕ ಕೊಡುವ ಉತ್ತರದಿಂದ, ಅವನಿಗೆ ಎಷ್ಟು ಅಪಾಯದ ಹೂಡಿಕೆ ಹೊಂದುತ್ತದೆಂದು ನಿರ್ಧರಿಸಲಾಗುತ್ತದೆ. ನೋಂದಾಯಿತ ಸಲಹೆಗಾರರಿಗೆ ಇದು ಕಡ್ಡಾಯ. ಕಾಗದದ ಮೇಲೆ ಇದೊಂದು ಸುಂದರ ರಕ್ಷಣೆ. ವಾಸ್ತವದಲ್ಲಿ, ‘ನಾನೇ ತುಂಬಿಬಿಡುತ್ತೇನೆ ಸರ್, ನೀವು ಓಟಿಪಿ ಹೇಳಿದರೆ ಸಾಕು’ ಎಂಬ ಒಂದು ಮಾತಿನಲ್ಲಿ ಅದು ಕರಗಿಹೋಗಬಲ್ಲದು. ಮಾರಬೇಕಾದ ಯೋಜನೆಗೆ ಯಾವ ಅಂಕ ಬೇಕೋ ಅದಕ್ಕೆ ತಕ್ಕಂತೆ ಉತ್ತರಗಳು ಮೂಡುತ್ತವೆ, ಎಪ್ಪತ್ತೈದರ ಅಜ್ಜಿ ಧೈರ್ಯಶಾಲಿ ಹೂಡಿಕೆದಾರಳಾಗುತ್ತಾಳೆ.

ಇಲ್ಲಿ ತಂತ್ರಾಂಶಕ್ಕೆ ತಿಳಿಯದ್ದು ಏನೂ ಇಲ್ಲ ಎಂಬುದನ್ನು ಗಮನಿಸಬೇಕು. ಹತ್ತು ಪ್ರಶ್ನೆಗಳಿಗೆ ಇಪ್ಪತ್ತು ಸೆಕೆಂಡಿನಲ್ಲಿ ಉತ್ತರ ಬಂದಿದೆಯೇ, ಒಂದೇ ಸಾಧನದಿಂದ ಮೂವತ್ತು ಗ್ರಾಹಕರ ಪ್ರಶ್ನಾವಳಿಗಳು ಸಲ್ಲಿಕೆಯಾಗಿವೆಯೇ, ಕಳೆದ ವರ್ಷ ‘ಅಪಾಯ ಬೇಡ’ ಎಂದಿದ್ದವರು ಹೊಸ ಯೋಜನೆ ಕೊಳ್ಳುವ ದಿನದ ಬೆಳಿಗ್ಗೆಯೇ ‘ಅಪಾಯ ಇರಲಿ’ ಎಂದು ಬದಲಾಯಿಸಿದ್ದಾರೆಯೇ ಎಂಬುದೆಲ್ಲ ದತ್ತಾಂಶದಲ್ಲಿ ಇದ್ದೇ ಇರುತ್ತದೆ. ಶಿಕ್ಷಕರ ಖಾತೆಗೆ ಹಣ ಬಿದ್ದದ್ದನ್ನು ಎರಡು ದಿನಗಳಲ್ಲಿ ಪತ್ತೆ ಹಚ್ಚಬಲ್ಲ ವ್ಯವಸ್ಥೆಗೆ ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಆ ವರದಿಯನ್ನು ತಯಾರಿಸಲು ಕೇಳಿದವರಿದ್ದಾರೆಯೇ, ಅದು ಕಂಪ್ಲಯನ್ಸ್ ವಿಭಾಗದ ಅಧಿಕಾರಿಯ ಪರದೆಯಲ್ಲಿ ಮೊದಲು ಕಾಣುತ್ತದೆಯೇ, ಅವನು ಅದನ್ನು ಹಿಡಿದು ಅತಿ ಹೆಚ್ಚು ಆದಾಯ ತರುವ ಆರ್‌ಎಂನನ್ನು ಪ್ರಶ್ನಿಸಿದರೆ ಮೇಲಧಿಕಾರಿ ಯಾರ ಪರ ನಿಲ್ಲುತ್ತಾರೆ ಎಂಬುದರಲ್ಲಿ ಸಂಸ್ಥೆಯ ಗುಣ ಗೊತ್ತಾಗುತ್ತದೆ.

ನೆನಪು ಯಾರದ್ದು

ಈ ವೃತ್ತಿಯ ಅತ್ಯಂತ ಆಳವಾದ ತಿಕ್ಕಾಟ ನೆನಪಿನದು ಎಂದು ನನಗೆ ತೋರುತ್ತದೆ, ಮತ್ತು ಅದರ ಬಗ್ಗೆ ಮಾತಾಡುವವರು ಕಡಿಮೆ. ಒಳ್ಳೆಯ ಆರ್‌ಎಂಗೆ ಗ್ರಾಹಕರ ಮನೆಯ ಎಷ್ಟೋ ಸಂಗತಿಗಳು ತಿಳಿದಿರುತ್ತವೆ. ಮಗಳ ಮದುವೆ ಯಾವ ವರ್ಷ ಮಾಡಬೇಕೆಂದಿದ್ದಾರೆ, ಅಣ್ಣ-ತಮ್ಮಂದಿರ ನಡುವೆ ಯಾವ ಜಮೀನಿನ ವ್ಯಾಜ್ಯವಿದೆ, ಮಗನ ವ್ಯಾಪಾರಕ್ಕೆ ಹಿಂದೊಮ್ಮೆ ಕೊಟ್ಟ ಹಣ ಮರಳಿ ಬಾರದ ಕಾರಣ ಅಪ್ಪ ಈಗ ಯಾರಿಗೂ ಏನನ್ನೂ ಹೇಳುವುದಿಲ್ಲ ಎಂಬಂತಹ ಸಂಗತಿಗಳು ಯಾವ ಅರ್ಜಿಯಲ್ಲಿಯೂ ಇರುವುದಿಲ್ಲ. ಸಂಸ್ಥೆ ಇದನ್ನೆಲ್ಲ, ಗ್ರಾಹಕರ ವಿವರಗಳನ್ನು ದಾಖಲಿಸುವ ಸಿಆರ್‌ಎಂ ತಂತ್ರಾಂಶದಲ್ಲಿ ಬರೆದಿಡಲು ಹೇಳುತ್ತದೆ. ಆರ್‌ಎಂ ಬರೆಯಲು ಹಿಂಜರಿಯುತ್ತಾನೆ, ಏಕೆಂದರೆ ಆ ನೆನಪೇ ಅವನ ಬಂಡವಾಳ. ಈ ವಲಯದಲ್ಲಿ ಆರ್‌ಎಂಗಳು ಎರಡು-ಮೂರು ವರ್ಷಕ್ಕೊಮ್ಮೆ ಸಂಸ್ಥೆ ಬದಲಾಯಿಸುವುದು ಅಪರೂಪವಲ್ಲ. ಹೊಸ ಸಂಸ್ಥೆ ಅವನನ್ನು ಕರೆಯುವುದೇ ಅವನ ಬೆನ್ನಿಗೆ ಗ್ರಾಹಕರು ಬರುತ್ತಾರೆಂಬ ನಂಬಿಕೆಯಿಂದ. ಹೀಗಾಗಿ ಸಿಆರ್‌ಎಂನಲ್ಲಿ ‘ಭೇಟಿಯಾದೆ, ಮಾತುಕತೆ ಚೆನ್ನಾಗಿತ್ತು’ ಎಂಬ ಒಂದು ಸಾಲು ಮಾತ್ರ ಉಳಿಯುತ್ತದೆ.

ಟಿಪ್ಪಣಿ ಬರೆಯದವರ ಮೇಲೆ ಒತ್ತಡ ಹಾಕಿ, ದಿನಕ್ಕೆ ಇಷ್ಟು ಭೇಟಿಗಳನ್ನು ದಾಖಲಿಸಲೇಬೇಕೆಂದು ನಿಯಮ ಮಾಡಿದರೆ ಸುಳ್ಳು ಭೇಟಿಗಳು ಹುಟ್ಟುತ್ತವೆ. ಕೆಲವು ಸಂಸ್ಥೆಗಳು ಬೇರೆ ದಾರಿ ಹಿಡಿದಿವೆ: ಒಂದು ಕುಟುಂಬಕ್ಕೆ ಒಬ್ಬನ ಬದಲು ಇಬ್ಬರು ಅಥವಾ ಮೂವರ ತಂಡವನ್ನು ನೇಮಿಸುವುದು, ವರ್ಷದ ಬೋನಸ್ಸಿನ ಒಂದು ಭಾಗವನ್ನು ತಂಡಕ್ಕೆ ಸೇರಿಸಿ ಕೊಡುವುದು. ಆಗ ಬರೆದಿಟ್ಟ ಟಿಪ್ಪಣಿ ಎದುರಾಳಿಯ ಕೈಗೆ ಕೊಟ್ಟ ಅಸ್ತ್ರವಾಗದೆ, ನಾಳೆ ತನಗೆ ಜ್ವರ ಬಂದರೆ ಜೊತೆಗಾರ ಮುಂದುವರಿಸಲು ಅನುಕೂಲವಾಗುವ ಕೆಲಸದ ಭಾಗವಾಗುತ್ತದೆ. ತಂತ್ರಾಂಶ ಎರಡೂ ಕಡೆ ಒಂದೇ ಆಗಿರಬಹುದು; ಅದರೊಳಗೆ ತುಂಬುವ ಮಾತು ಬೇರೆಯಾಗಿರುತ್ತದೆ.

ನೆನಪಿನ ಇನ್ನೊಂದು ಭಾಗ ವಾಟ್ಸ್ಆ್ಯಪ್‌ನಲ್ಲಿದೆ. ಗ್ರಾಹಕರಿಗೂ ಆರ್‌ಎಂಗೂ ಅದೇ ಅನುಕೂಲ: ‘ಸರ್, ಇವತ್ತು ಮಾರುಕಟ್ಟೆ ಬಿದ್ದಿದೆ, 5 ಲಕ್ಷ ಹಾಕೋಣವೇ?’ ‘ಸರಿ.’ ಮುಂದೆ ನಷ್ಟವಾದಾಗ ಯಾರು ಯಾರಿಗೆ ಏನು ಹೇಳಿದ್ದರೆಂಬುದಕ್ಕೆ ಸಂಸ್ಥೆಯ ಬಳಿ ದಾಖಲೆಯೇ ಇರುವುದಿಲ್ಲ, ಏಕೆಂದರೆ ಆ ಮಾತು ಖಾಸಗಿ ಫೋನಿನಲ್ಲಿ ನಡೆದಿದೆ. ಅಮೆರಿಕದ ನಿಯಂತ್ರಕರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, 2022ರ ಸೆಪ್ಟೆಂಬರ್‌ನಲ್ಲಿ ವಾಲ್ ಸ್ಟ್ರೀಟಿನ 16 ಸಂಸ್ಥೆಗಳಿಗೆ ಅಲ್ಲಿನ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿ 110 ಕೋಟಿ ಡಾಲರಿಗೂ ಹೆಚ್ಚು ದಂಡ ವಿಧಿಸಿತು. ಖಾಸಗಿ ಸಂದೇಶಗಳಲ್ಲಿ ವ್ಯವಹಾರದ ಮಾತಾಡಿ ಅದನ್ನು ದಾಖಲಿಸಿಡದೆ ಇದ್ದುದೇ ತಪ್ಪು. ತಪ್ಪಿತಸ್ಥರಲ್ಲಿ ಕಿರಿಯ ನೌಕರರಷ್ಟೇ ಅಲ್ಲದೆ, ನಿಯಮ ಪಾಲಿಸುವಂತೆ ನೋಡಿಕೊಳ್ಳಬೇಕಾದ ಮೇಲ್ವಿಚಾರಕರೂ ಇದ್ದರು. ಭಾರತದಲ್ಲಿಯೂ ನೋಂದಾಯಿತ ಸಲಹೆಗಾರರು 2021ರಿಂದ ಗ್ರಾಹಕರೊಂದಿಗಿನ ಮಾತುಕತೆಯ ದಾಖಲೆಯನ್ನು, ಅದು ಫೋನಿನಲ್ಲಿರಲಿ ಸಂದೇಶದಲ್ಲಿರಲಿ, ಇಟ್ಟುಕೊಳ್ಳಬೇಕು. ಐದು ವರ್ಷ ಕಾಪಾಡಬೇಕು. ಕಂಪ್ಲಯನ್ಸ್ ಎಂದರೆ ಪೊಲೀಸ್ ಎಂದು ಭಾವಿಸುವ ಕಚೇರಿಗಳಲ್ಲಿ ನೌಕರರು ಇದನ್ನು ಕಣ್ಗಾವಲೆಂದು ಕಾಣುತ್ತಾರೆ. ಅದೇ ದಾಖಲೆ, ತಪ್ಪು ಮಾಡದ ಆರ್‌ಎಂನನ್ನು ಸುಳ್ಳು ದೂರಿನಿಂದ ಪಾರು ಮಾಡುವ ಏಕೈಕ ಸಾಕ್ಷಿಯೂ ಹೌದು ಎಂಬುದನ್ನು ಅವರಿಗೆ ತಾಳ್ಮೆಯಿಂದ ತಿಳಿಸಿ ಹೇಳುವವರು ಬೇಕು.

ಈ ಕಥೆಯಲ್ಲಿ ಬೆಂಗಳೂರಿಗೆ ಎರಡು ಪಾತ್ರಗಳಿವೆ. 2004ರಿಂದ ಇಲ್ಲಿರುವ ಗೋಲ್ಡ್‌ಮನ್ ಸ್ಯಾಕ್ಸ್ ಸೇರಿದಂತೆ ಜೆಪಿ ಮಾರ್ಗನ್, ಫಿಡೆಲಿಟಿ, ನಾರ್ದರ್ನ್ ಟ್ರಸ್ಟ್‌ನಂತಹ ಅಮೆರಿಕದ ಹಣಕಾಸು ಸಂಸ್ಥೆಗಳು ತಮ್ಮ ತಂತ್ರಾಂಶದ ಮತ್ತು ಆಪರೇಷನ್ಸ್‌ನ ದೊಡ್ಡ ಪಾಲನ್ನು ಇಲ್ಲಿಂದ ನಡೆಸುತ್ತವೆ. ಸಾವಿರಾರು ಮೈಲಿ ದೂರದ ಗ್ರಾಹಕರ ಹಣದ ವಿವರ ತೋರಿಸುವ ಪರದೆಯನ್ನು ಹೊರವರ್ತುಲ ರಸ್ತೆಯ ಕಚೇರಿಯಲ್ಲಿ ಕುಳಿತ ಎಂಜಿನಿಯರ್ ರೂಪಿಸುತ್ತಾಳೆ. ಆ ಗ್ರಾಹಕರಲ್ಲಿ ಒಬ್ಬರನ್ನಾದರೂ ಅವಳು ನೋಡಿರುವುದಿಲ್ಲ. ಯಾವ ಅಂಕಿ ದಪ್ಪ ಅಕ್ಷರದಲ್ಲಿರಬೇಕು, ಯಾವ ಎಚ್ಚರಿಕೆ ಎರಡನೆಯ ಪುಟಕ್ಕೆ ಹೋಗಬೇಕು ಎಂಬುದು ಅವಳಿಗೆ ವಿನ್ಯಾಸದ ಪ್ರಶ್ನೆಯಾಗಿ ತಲುಪುತ್ತದೆ. ಆಗೊಮ್ಮೆ ಈಗೊಮ್ಮೆ ಗ್ರಾಹಕರ ಕರೆಗಳನ್ನು ಕೇಳಿಸಿಕೊಳ್ಳುವ ಅವಕಾಶ ಇಂತಹ ಎಂಜಿನಿಯರುಗಳಿಗೆ ಸಿಗಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಎರಡನೆಯದು, ಆರ್‌ಎಂ ಇಲ್ಲದ ಮಾದರಿ. 2010ರಲ್ಲಿ ಆರಂಭವಾದ ಜೆರೋಧಾ, 2016ರ ಗ್ರೋ ಮುಂತಾದ ಬೆಂಗಳೂರಿನ ಆನ್‌ಲೈನ್ ಹೂಡಿಕೆ ಸಂಸ್ಥೆಗಳು ಡೈರೆಕ್ಟ್ ಪ್ಲಾನ್‌ಗಳನ್ನು ಫೋನಿನಲ್ಲೇ ಕೊಳ್ಳುವಂತೆ ಮಾಡಿದವು. ನೌಕರರಿಗೆ ಮಾರಾಟದ ಗುರಿಗಳನ್ನು ಇಟ್ಟಿಲ್ಲವೆಂದು ಜೆರೋಧಾದ ಸಂಸ್ಥಾಪಕರು ಬಹಿರಂಗವಾಗಿ ಹೇಳುತ್ತ ಬಂದಿದ್ದಾರೆ. ಅಪಾಯದ ಷೇರು ಕೊಳ್ಳಲು ಹೊರಟವರನ್ನು ಒಂದು ಕ್ಷಣ ತಡೆದು ಎಚ್ಚರಿಸುವ ಸೌಲಭ್ಯವೂ ಅವರ ತಂತ್ರಾಂಶದಲ್ಲಿದೆ. ಸಂಸ್ಥೆಯ ನಿಲುವು ತಂತ್ರಾಂಶದಲ್ಲಿ ಅಚ್ಚೊತ್ತಿಕೊಳ್ಳುವುದು ಹೀಗೆ. ಆದರೆ ಮಗನ ಗೃಹಸಾಲದ ಬಗ್ಗೆ ಆ್ಯಪ್ ತಾನಾಗಿ ವಿಚಾರಿಸುವುದಿಲ್ಲ.

ಕೃತಕ ಬುದ್ಧಿಮತ್ತೆ ಈಗ ಈ ನೆನಪಿನ ಜಗಳದ ನಡುವೆ ಬಂದಿದೆ. ಅಮೆರಿಕದ ಹಣಕಾಸು ಸಂಸ್ಥೆ ಮಾರ್ಗನ್ ಸ್ಟ್ಯಾನ್ಲಿ 2023ರ ಸೆಪ್ಟೆಂಬರ್‌ನಲ್ಲಿ ತನ್ನ ಸಲಹೆಗಾರರಿಗೆ, ಸಂಸ್ಥೆಯ ಸಂಶೋಧನಾ ವರದಿಗಳಲ್ಲಿ ಹುಡುಕಿ ಉತ್ತರ ಕೊಡುವ ಸಹಾಯಕವೊಂದನ್ನು ಒದಗಿಸಿತು. ಮರುವರ್ಷ ಬಂದ ಇನ್ನೊಂದು ಉಪಕರಣ, ಗ್ರಾಹಕರು ಒಪ್ಪಿದರೆ, ಭೇಟಿಯ ಮಾತುಕತೆಯನ್ನು ಕೇಳಿ ತಾನೇ ಟಿಪ್ಪಣಿ ಸಿದ್ಧಪಡಿಸಿ, ಗ್ರಾಹಕರಿಗೆ ಕಳಿಸಬೇಕಾದ ಪತ್ರದ ಕರಡನ್ನೂ ಬರೆದಿಡುತ್ತದೆ. ಸಲಹೆಗಾರ ಅದನ್ನು ತಿದ್ದಿ ಕಳಿಸಬೇಕು. ಟಿಪ್ಪಣಿ ಬರೆಯುವ ಬೇಸರ ಇದರಿಂದ ತಪ್ಪುತ್ತದೆ. ಅದೇ ವೇಳೆ ಆರ್‌ಎಂ ತನ್ನ ಬಂಡವಾಳವೆಂದು ಕಾಪಿಟ್ಟುಕೊಂಡಿದ್ದ ನೆನಪು ಸಂಸ್ಥೆಯ ಆಸ್ತಿಯಾಗುತ್ತದೆ, ಮತ್ತು ಗ್ರಾಹಕರು ಒಬ್ಬ ಪರಿಚಿತನನ್ನು ನಂಬಿ ಹೇಳಿದ ಮನೆಯ ಮಾತು ಸಂಸ್ಥೆಯ ಕಡತ ಸೇರುತ್ತದೆ. ಈ ಒಪ್ಪಿಗೆಯನ್ನು ಕೇಳುವ ಬಗೆಯಲ್ಲಿ ಎಷ್ಟು ಪ್ರಾಮಾಣಿಕತೆ ಇದೆ ಎಂಬುದು ನನಗೆ ಉಪಕರಣದ ಚಾತುರ್ಯಕ್ಕಿಂತ ಮುಖ್ಯವಾಗಿ ಕಾಣುತ್ತದೆ. ನೋಂದಾಯಿತ ಸಲಹೆಗಾರರು ಕೃತಕ ಬುದ್ಧಿಮತ್ತೆ ಬಳಸಿದರೆ ಎಷ್ಟರ ಮಟ್ಟಿಗೆ ಬಳಸಿದ್ದೇವೆಂದು ಗ್ರಾಹಕರಿಗೆ ತಿಳಿಸಬೇಕು, ಸಲಹೆಯ ಹೊಣೆ ಮಾತ್ರ ಸಲಹೆಗಾರರದ್ದೇ ಎಂದು ಸೆಬಿ ಸ್ಪಷ್ಟಪಡಿಸಿದೆ. ‘ಯಂತ್ರ ಹಾಗೆ ಹೇಳಿತು’ ಎಂಬ ಸಮಜಾಯಿಷಿಗೆ ಅಲ್ಲಿ ಜಾಗವಿಲ್ಲ.

ಹುಬ್ಬಳ್ಳಿಯ ಮನೆಗೆ ಮರಳೋಣ. ಐದು ವರ್ಷ ಕಳೆದಿದೆ ಎಂದುಕೊಳ್ಳಿ. ಶಿಕ್ಷಕರು ತೀರಿಕೊಂಡಿದ್ದಾರೆ. ಮೊದಲು ಮನೆಗೆ ಬಂದಿದ್ದ ಆರ್‌ಎಂ ಬೇರೆ ಸಂಸ್ಥೆ ಸೇರಿ ಎರಡು ವರ್ಷವಾಗಿದೆ, ಅವನ ನಂತರ ಬಂದವನೂ ಬದಲಾಗಿದ್ದಾನೆ. ಹೂಡಿಕೆಯ ವಿವರಗಳೆಲ್ಲ ಇಂಗ್ಲಿಷಿನಲ್ಲಿ, ಗಂಡನ ಇಮೇಲಿನಲ್ಲಿ ಇವೆ. ಓಟಿಪಿ ಬರುವುದು ಅವರ ಫೋನಿಗೆ. ಪತ್ನಿ ಹಳೆಯ ಡೈರಿಯಲ್ಲಿ ಸಿಕ್ಕ ಸಂಖ್ಯೆಗೆ ಕರೆ ಮಾಡಿ, ‘ತಿಂಗಳಾ ಖರ್ಚಿಗೆ ರೊಕ್ಕ ಎಲ್ಲಿಂದ ಬರ್ತೈತ್ರೀ, ಯಾವಾಗ ಬರ್ತೈತ್ರೀ?’ ಎಂದು ಕೇಳುತ್ತಾರೆ. ಆ ಕಡೆ, ಅವರನ್ನು ಎಂದೂ ನೋಡಿರದ ತರುಣಿಯೊಬ್ಬಳು ಖಾತೆಯನ್ನು ತೆರೆಯುತ್ತಾಳೆ. ಪರದೆಯ ತುದಿಯಲ್ಲಿ ಈ ಕುಟುಂಬದಿಂದ ಸಂಸ್ಥೆಗೆ ವರ್ಷಕ್ಕೆ ಬರುವ ಆದಾಯವಷ್ಟೇ ಕಾಣಬಹುದು. ಅಥವಾ ಐದು ವರ್ಷದ ಹಿಂದೆ ಯಾರೋ ಶ್ರದ್ಧೆಯಿಂದ ಬರೆದಿಟ್ಟ ನಾಲ್ಕು ಸಾಲು ಕಾಣಬಹುದು: ಪತ್ನಿಯ ಜೊತೆ ಕನ್ನಡದಲ್ಲೇ ಮಾತಾಡಬೇಕು, ತಿಂಗಳಿಗೆ 35,000 ರೂಪಾಯಿ ಬೇಕಾಗುತ್ತದೆ, ನಾಮಿನಿ ಅವರೇ, ದಾಖಲೆಗಳ ಪ್ರತಿ ಇಲ್ಲಿದೆ, ಯಜಮಾನರಿಗೆ ಏನಾದರೂ ಆದರೆ ಮೊದಲು ಅವರ ಹೆಸರಿಗೆ ವರ್ಗಾವಣೆ ಮಾಡಿಸಿಕೊಡಿ, ಹೊಸ ಯೋಜನೆಯ ಮಾತು ಎತ್ತಬೇಡಿ.